ಆಯುಧಪೂಜೆಗೆ ಮಣ್ಣು ಮೆತ್ತಿದ ಕಾರು

"ಹೊಸ ಕಾರಿಗೆ ಯಾರಾದ್ರೂ ಕೆಮ್ಮಣ್ಣು ಬಳೀತಾರೇನೋ?" ಅಂತ ಅಮ್ಮ ಕೇಳಿದಾಗ ನಾನು ಟೇಬಲ್ ಮೇಲೆ ಬಗ್ಗಿ ಕೂತಿದ್ದೆ. ಮುಂದೆ 17 ಸೆಂಟಿಮೀಟರ್ ಉದ್ದದ ಒಂದು ಡಾಟ್ಸನ್. ಅದರ ಬಾಗಿಲಿಗೆ ಬ್ರಷ್‌ನಲ್ಲಿ ಧೂಳು ಹಾಕುತ್ತಿದ್ದೆ. ಮೂರು ವಾರ ಕೂತು ಕನ್ನಡಿ ಹಾಗೆ ಹೊಳೆಸಿದ ಬಣ್ಣ ಅದು. ಅಮ್ಮನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ನಾವು ಐದು ಜನ ಬೆಂಗಳೂರಿನ ಗೆಳೆಯರು. ಮಾದರಿ ಕಾರುಗಳ ಪ್ಲಾಸ್ಟಿಕ್ ಕಿಟ್ ಜೋಡಿಸುವ ಹುಚ್ಚು ಎಲ್ಲರಿಗೂ ಇದೆ. ಕಿಟ್ ತರಿಸಿ ಬೀರುವಿನ ಮೇಲೆ ಪೇರಿಸಿಡುವ ಹುಚ್ಚು ಅದಕ್ಕಿಂತ ಜಾಸ್ತಿ. ಜೂನ್ ಕೊನೆಯಲ್ಲಿ ಒಂದು ಭಾನುವಾರ ಕಾಫಿ ಕುಡಿಯುತ್ತಾ ಒಪ್ಪಂದ ಆಯಿತು. ಎಲ್ಲರೂ 1/24 ಅಳತೆಯ ಒಂದೊಂದು ಸ್ಪೋರ್ಟ್ಸ್ ಕಾರು ಕಟ್ಟಬೇಕು. ಡಬ್ಬಿಯಲ್ಲಿ ಇದ್ದ ಹಾಗೇ ಕಟ್ಟುವಂತಿಲ್ಲ, ಏನಾದರೂ ಬದಲಾಯಿಸಬೇಕು. ಕನಿಷ್ಠ ಮೂರು ಭಾಗ ಕೈಯಾರೆ ಮಾಡಬೇಕು. ಕಿಟ್ ಮತ್ತು ಬಣ್ಣ ಬಿಟ್ಟು ಮೇಲಿನ ಖರ್ಚು 500 ರೂಪಾಯಿ ದಾಟಬಾರದು. ಕೊನೆಯ ದಿನ ಆಯುಧಪೂಜೆ. ಗೆದ್ದವರಿಗೆ ಬಹುಮಾನ ಏನೂ ಇಲ್ಲ, ಸೋತವರು ಮಸಾಲೆ ದೋಸೆ ಕೊಡಿಸಬೇಕು.

ನಮ್ಮಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಅವರು ಮಜ್ದಾ ಎಂಎಕ್ಸ್-5 ತೆಗೆದುಕೊಂಡರು. ಇನ್ನೊಬ್ಬ ಪೋರ್ಷೆ 911, ಮತ್ತೊಬ್ಬ ಲ್ಯಾಂಬೊರ್ಗಿನಿ ಕೌಂಟಾಕ್. ಐದನೆಯವನದು ಹಟ. ಅವನಿಗೆ ಸ್ಯಾನ್ ಸ್ಟಾರ್ಮ್ ಬೇಕು. ಗೋವಾದಲ್ಲಿ ತಯಾರಾಗುತ್ತಿದ್ದ, ಫೈಬರ್ ಮೈಯ, ಎರಡೇ ಸೀಟಿನ ಆ ಪುಟ್ಟ ಕಾರು ನೆನಪಿದೆಯಾ? ಕಿಟ್ ಸಿಗದ ಕಾರದು. ಇನ್ನೊಂದು ಕಿಟ್ ಕತ್ತರಿಸಿ, ಪುಟ್ಟಿ ಮೆತ್ತಿ ಅದನ್ನೇ ಮಾಡುತ್ತೇನೆ ಅಂದ. ಸೆಪ್ಟೆಂಬರ್‌ವರೆಗೂ ಅದು ಇಡ್ಲಿಯ ಹಾಗೇ ಇತ್ತು.

ನನ್ನ ಹತ್ತಿರ ಇದ್ದದ್ದು ಡಾಟ್ಸನ್ 240ಝಡ್, ರಸ್ತೆ ಮೇಲೆ ಓಡುವ ಸಾದಾ ಕಾರಿನ ಕಿಟ್. ಉದ್ದ ಮೂತಿ, ಇಳಿಜಾರು ಬೆನ್ನು, ಒಳಗೆ ಸಾಲಾಗಿ ಆರು ಸಿಲಿಂಡರಿನ 2.4 ಲೀಟರ್ ಇಂಜಿನ್. ಇದನ್ನು ಆಫ್ರಿಕಾದ ಕಚ್ಚಾ ರಸ್ತೆಗಳಲ್ಲಿ ನಡೆಯುವ ಸಫಾರಿ ರ‍್ಯಾಲಿಯ ಕಾರು ಮಾಡಬೇಕು ಅನ್ನುವುದು ನನ್ನ ಆಸೆ. 1973ರ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿಯನ್ನು ಇಂಥದೇ ಕಾರಿನಲ್ಲಿ ಗೆದ್ದವರು ಶೇಖರ್ ಮೆಹ್ತಾ. ಉಗಾಂಡದಲ್ಲಿ ಹುಟ್ಟಿ, ಕೀನ್ಯಾದಲ್ಲಿ ನೆಲೆಸಿದ ಭಾರತೀಯ ಮೂಲದವರು. ಪಕ್ಕದ ಸೀಟಿನಲ್ಲಿ ದಾರಿ ಹೇಳುತ್ತಿದ್ದವರು ಲಾಫ್ಟಿ ಡ್ರೂಸ್. ಸಾವಿರಾರು ಕಿಲೋಮೀಟರ್ ಓಡಿದ ಮೇಲೂ ಅವರದ್ದೂ ಇನ್ನೊಂದು ಡಾಟ್ಸನ್‌ನ ಹ್ಯಾರಿ ಶೆಲ್‌ಸ್ಟ್ರೋಮ್ ಅವರದ್ದೂ ತಡವಾದದ್ದಕ್ಕೆ ಬೀಳುವ ದಂಡದ ಪಾಯಿಂಟು ಸರಿಸಮ. ದಾರಿಯಲ್ಲಿ ಹೆಚ್ಚು ದೂರ ದಂಡ ಬೀಳದೆ ಬಂದವರು ಮೆಹ್ತಾ ಅಂತ ಗೆಲುವು ಅವರಿಗೆ ಹೋಯಿತು. ಆಮೇಲೆ 1979ರಿಂದ 1982ರವರೆಗೆ ಸತತ ನಾಲ್ಕು ಸಲ ಗೆದ್ದರು. ಒಟ್ಟು ಐದು. ನಮ್ಮಲ್ಲಿ ಈ ಹೆಸರು ಎಷ್ಟು ಜನಕ್ಕೆ ಗೊತ್ತು ಅಂತ ನನಗೆ ಒಳಗೊಳಗೇ ಒಂದು ಸಣ್ಣ ಕೋಪ ಇದೆ, ಇರಲಿ.

ಕೆಲಸ ಶುರುವಾಗಿದ್ದು ಪಾತ್ರೆ ತೊಳೆಯುವ ಸೋಪಿನಿಂದ. ಅಚ್ಚಿನಿಂದ ಬಿಡಿಸುವಾಗಿನ ಎಣ್ಣೆ ಜಿಡ್ಡು ಪ್ಲಾಸ್ಟಿಕ್ ಮೇಲೆ ಇರುತ್ತದೆ. ಅದು ಹೋಗದಿದ್ದರೆ ಬಣ್ಣ ಕೂರುವುದಿಲ್ಲ. ಆಮೇಲೆ ಬಾಡಿಯ ಮೇಲಿನ ಅಚ್ಚಿನ ಗೆರೆಗಳನ್ನು 600, 1000 ನಂಬರಿನ ನೀರು ಕಾಗದದಲ್ಲಿ, ಅಂದರೆ ಒದ್ದೆ ಮಾಡಿ ಉಜ್ಜುವ ಉಪ್ಪು ಕಾಗದದಲ್ಲಿ ಉಜ್ಜಿದೆ. ಬೂದು ಪ್ರೈಮರ್ ಹೊಡೆದೆ. ಇಷ್ಟು ಎಲ್ಲರೂ ಮಾಡುವುದೇ.

ಕೆಂಪು ಬಣ್ಣ ಜೆ.ಸಿ. ರಸ್ತೆಯಿಂದ ಬಂತು. ಹೊರದೇಶದ ಸ್ಪ್ರೇ ಡಬ್ಬಿ ಬೆಂಕಿ ಹತ್ತುವ ವಸ್ತು, ತರಿಸುವುದು ತಲೆನೋವು. ನಾನು ನಿಜವಾದ ಕಾರಿಗೆ ಹೊಡೆಯುವ ಲ್ಯಾಕರ್ ಬಣ್ಣವನ್ನೇ ನೂರು ಮಿಲಿ ಕಲಸಿಸಿಕೊಂಡು ಬರುತ್ತೇನೆ. ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಏರ್‌ಬ್ರಷ್‌ಗೆ ಹಾಲಿನಷ್ಟು ತೆಳ್ಳಗೆ ಮಾಡಿಕೊಂಡರೆ ಸಾಕು. ಒಂದೇ ಎಚ್ಚರ: ಅದರ ಥಿನ್ನರ್ ಪ್ರೈಮರ್ ಇಲ್ಲದ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಪ್ರೈಮರ್ ಮೇಲೆ, ಮಂಜು ಬಿದ್ದ ಹಾಗೆ ತೆಳ್ಳಗೆ, ಬಿಟ್ಟು ಬಿಟ್ಟು ಹೊಡೆಯಬೇಕು.

ಇಷ್ಟೆಲ್ಲ ಗೊತ್ತಿದ್ದೂ ಜುಲೈ ತಿಂಗಳ ಒಂದು ಸಂಜೆ, ಹೊರಗೆ ಜಿಟಿಜಿಟಿ ಮಳೆ ಬರುತ್ತಿದ್ದಾಗ, "ಇನ್ನೊಂದೇ ಒಂದು ಕೋಟ್" ಅಂತ ಹೊಡೆದೆ. ಹತ್ತು ನಿಮಿಷದಲ್ಲಿ ಇಡೀ ಕಾರಿನ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ ಮಬ್ಬು. ಥಿನ್ನರ್ ಬೇಗ ಆರುವಾಗ ಬಣ್ಣ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಒಳಗೆ ಸಿಕ್ಕಿಕೊಳ್ಳುತ್ತದೆ. ಗುಂಪಿಗೆ ಫೋಟೊ ಹಾಕಿದೆ. "ಗುರು, ಕೆಂಪು ಕಾರಲ್ವಾ? ಇದು ರೋಸ್ ಮಿಲ್ಕ್" ಅಂತ ಉತ್ತರ ಬಂತು. ಉಜ್ಜಿ ತೆಗೆಯಲು ಹೊರಟವನನ್ನು ಡಾಕ್ಟರೇ ತಡೆದರು. ನಾಲ್ಕು ದಿನ ಬಿಟ್ಟು ಬಿಸಿಲು ಬಂದ ಮಧ್ಯಾಹ್ನ, ನಿಧಾನವಾಗಿ ಆರುವ ರಿಟಾರ್ಡರ್ ಸ್ವಲ್ಪ ಬೆರೆಸಿದ ಬರೀ ಥಿನ್ನರನ್ನು ದೂರದಿಂದ ಹಗುರವಾಗಿ ಹೊಡೆದೆ. ಮೇಲ್ಪದರ ಕರಗಿತು, ತೇವ ಹೊರಗೆ ಹೋಯಿತು, ಕೆಂಪು ವಾಪಸ್ ಬಂತು. ನನ್ನ ಮುಖಕ್ಕೂ ಬಣ್ಣ ವಾಪಸ್ ಬಂದಿರಬೇಕು.

ಬಾನೆಟ್ ಕಪ್ಪು. ಆ ಕಾಲದ ಡಾಟ್ಸನ್ ರ‍್ಯಾಲಿ ಕಾರುಗಳ ಗುರುತೇ ಅದು, ಕೆಂಪು ಮೈ, ಕಪ್ಪು ಬಾನೆಟ್. ಹೊಳಪಿಲ್ಲದ ಕಪ್ಪಾದರೆ ಬಿಸಿಲು ಅದರಿಂದ ಪುಟಿದು ಡ್ರೈವರನ ಕಣ್ಣಿಗೆ ಹೊಡೆಯುವುದಿಲ್ಲ.

ಈಗ ಕೈಯಾರೆ ಮಾಡಬೇಕಾದ ಭಾಗಗಳು. ನನಗೆ ಇಷ್ಟವಾದ ಕೆಲಸ ಇದು, ಮನೆಯಲ್ಲಿ ಬಿದ್ದಿರುವ ಸಾಮಾನೆಲ್ಲ 24ರಿಂದ ಗುಣಿಸಿ ನೋಡುವುದು. ಒಂದು ಮಿಲಿಮೀಟರ್ ಅಂದರೆ ನಿಜದಲ್ಲಿ 24 ಮಿಲಿಮೀಟರ್. ಹಳೆ ಮನೆಯ ವೈರಿಂಗ್ ಬಿಚ್ಚಿದಾಗ ಉಳಿದ ಒಂಟಿ ಎಳೆಯ ತಾಮ್ರದ ತಂತಿ ಹತ್ತಿರ ಹತ್ತಿರ ಒಂದೂವರೆ ಮಿಲಿಮೀಟರ್ ದಪ್ಪ ಇತ್ತು. ಅಂದರೆ 36 ಮಿಲಿಮೀಟರ್ ಪೈಪು. ಕಾರು ಮಗುಚಿದರೆ ಚಾವಣಿ ಕುಸಿಯದ ಹಾಗೆ ಒಳಗೆ ಹಾಕುವ ರೋಲ್ ಬಾರ್‌ಗೆ ಸರಿಯಾಯಿತು. ಮುಂದಿನ ದೊಡ್ಡ ದೀಪಗಳಿಗೆ ಮಾತ್ರೆಯ ಸ್ಟ್ರಿಪ್. ದುಂಡನೆ ಮಾತ್ರೆ ಕೂರುವ ಪ್ಲಾಸ್ಟಿಕ್ ಗುಳ್ಳೆ ಎಂಟು ಮಿಲಿಮೀಟರ್ ಅಗಲ, ಲೆಕ್ಕ ಹಾಕಿದರೆ 19 ಸೆಂಟಿಮೀಟರಿನ ದೀಪದ ಗಾಜು. ಹಿಂದಿನ ಬೆಳ್ಳಿ ಹಾಳೆಯೇ ರಿಫ್ಲೆಕ್ಟರ್. ಪೆನ್ನಿನ ಕೊಳವೆಯನ್ನು ಬಳೆ ಬಳೆಯಾಗಿ ಕತ್ತರಿಸಿ ಸುತ್ತ ಕಟ್ಟು ಹಾಕಿದೆ. ನಾಲ್ಕು ದೀಪಕ್ಕೆ ನಾಲ್ಕು ಮಾತ್ರೆ. ಒಂದೇ ಅಳತೆಯ ಗುಳ್ಳೆ ಬೇಕಿತ್ತು, ಅದಕ್ಕೆ ಅಮ್ಮನ ಬಿಪಿ ಮಾತ್ರೆ ಮುಗಿಯುವವರೆಗೆ ಕಾದೆ.

ಚಕ್ರದ ಹಿಂದೆ ಜೋತಾಡುವ ಮಡ್‌ಫ್ಲ್ಯಾಪ್‌ಗೆ ಮೊದಲು ಸೈಕಲ್ ಟ್ಯೂಬ್ ಕತ್ತರಿಸಿದ್ದೆ. ರಬ್ಬರಿಗೆ ರಬ್ಬರ್, ಸರಿಯಲ್ವಾ? ಅಲ್ಲ. ಒಂದು ಮಿಲಿಮೀಟರ್ ದಪ್ಪದ ಟ್ಯೂಬು ನಿಜದಲ್ಲಿ ಒಂದು ಇಂಚು ದಪ್ಪದ ಹಲಗೆ ಆಗಿಬಿಡುತ್ತದೆ. ಕೊನೆಗೆ ಸಿಕ್ಕಿದ್ದು ಹಳೆಯ ಎಕ್ಸ್‌ರೇ ಫಿಲ್ಮ್. ತೆಳು, ಕಪ್ಪು, ಬಾಗುತ್ತದೆ, ನೆಟ್ಟಗೂ ನಿಲ್ಲುತ್ತದೆ. ಅಮ್ಮನ ಮಂಡಿಯ ಎಕ್ಸ್‌ರೇ ಅದು. ಅಂಚಿನ ಕಪ್ಪು ಜಾಗದಲ್ಲಷ್ಟೇ ಕತ್ತರಿಸಿದ್ದೇನೆ, ಮಂಡಿ ಹಾಗೇ ಇದೆ.

ರ‍್ಯಾಲಿ ಕಾರು ನೆಲದಿಂದ ಎತ್ತರ ನಿಲ್ಲಬೇಕು. ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಕಡ್ಡಿಯನ್ನೇ ತುಂಡು ಮಾಡಿ, ಸಸ್ಪೆನ್ಶನ್ ಕೆಳಗೆ ಕೊಟ್ಟು ಎರಡೂವರೆ ಮಿಲಿಮೀಟರ್ ಏರಿಸಿದೆ. ಕೇಳಲು ಏನೂ ಅಲ್ಲ. ಆದರೆ ನೋಡಲು ಕಾರಿನ ಸ್ವಭಾವವೇ ಬದಲಾಯಿತು. ಎತ್ತರಿಸಿದ್ದಕ್ಕೆ ಆಕ್ಸಲ್ ತಿರುಗದ ಹಾಗಾಯಿತು. ಷೋಕೇಸಿನಲ್ಲಿ ಇರುವ ಕಾರು, ಓಡಿಸುವವರು ಯಾರು ಅಂತ ಚಕ್ರಗಳನ್ನು ಅಂಟಿಸಿಬಿಟ್ಟೆ.

ಇಲ್ಲಿಯವರೆಗೆ ಚೆನ್ನಾಗಿತ್ತು. ರೋಲ್ ಬಾರ್ ಅನ್ನು ಸೂಪರ್ ಗ್ಲೂನಲ್ಲಿ ಕೂರಿಸಿ, ಅವತ್ತೇ ರಾತ್ರಿ ಬಾಡಿ ಮುಚ್ಚಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಗಾಜಿನ ಒಳಭಾಗಕ್ಕೆ ಬಿಳಿ ಪೊರೆ. ಸೂಪರ್ ಗ್ಲೂ ಆರುವಾಗ ಬರುವ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಹಾಗೆ ಕೂರುತ್ತದೆ. ಗಾಜಿನ ಹತ್ತಿರದ ಕೆಲಸಕ್ಕೆ ಫೆವಿಕಾಲ್ ಬಳಸಬೇಕು, ಸೂಪರ್ ಗ್ಲೂ ಬಳಸಲೇಬೇಕಾದರೆ ಒಂದು ದಿನ ತೆರೆದಿಟ್ಟು ಗಾಳಿಯಾಡಲು ಬಿಡಬೇಕು. ಇದನ್ನು ನಾನೇ ಹಿಂದಿನ ವರ್ಷ ಪೋರ್ಷೆಯವನಿಗೆ ಪಾಠ ಮಾಡಿದ್ದೆ. ಬಿಚ್ಚಲು ಹೋದರೆ ಬಣ್ಣ ಸೀಳುವ ಭಯ. ಹಾಗೇ ಬಿಟ್ಟೆ. ಮುಂದೆ ಧೂಳು ಹಾಕುವುದಿದೆಯಲ್ಲ ಅಂತ ಒಳಮನಸ್ಸು ಹೇಳುತ್ತಿತ್ತು.

ಧೂಳಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಳೆಸುವುದನ್ನು ಎಲ್ಲರೂ ಕಲಿಸುತ್ತಾರೆ, ಕೊಳೆ ಮಾಡುವುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ.

ಕರ್ನಾಟಕದ ಕೆ-1000 ಕಾರು ರ‍್ಯಾಲಿ ನೋಡಲು ಒಮ್ಮೆ ತುಮಕೂರು ಕಡೆ ಹೋಗಿದ್ದೆ. ಕಾರು ಹೋದ ಮೇಲೆ ಬಾಯಲ್ಲಿ ಮಣ್ಣು ಅಷ್ಟೇ ಉಳಿಯುತ್ತದೆ. ಆ ಕೆಂಪು ಮಣ್ಣನ್ನೇ ತಂದು ಮೆತ್ತಿದರೆ ಆಯಿತು ಅಂದುಕೊಂಡೆ. ಕೋಲಾರದ ಕಡೆಯಿಂದ ಬರುವಾಗ ಒಂದು ಹಿಡಿ ತಂದೆ, ಫೆವಿಕಾಲ್ ನೀರಿನಲ್ಲಿ ಕಲಸಿ ಒಂದು ಹಳೆ ಬಾನೆಟ್ ಮೇಲೆ ಹಚ್ಚಿ ನೋಡಿದೆ. ಅದು ಧೂಳಿನ ಹಾಗೆ ಕಾಣಲಿಲ್ಲ, ಲಾರಿಯಿಂದ ಜಲ್ಲಿ ಸುರಿದ ಹಾಗೆ ಕಂಡಿತು. ಕಾಲು ಮಿಲಿಮೀಟರಿನ ಮರಳು ಕಣವೂ ಈ ಲೋಕದಲ್ಲಿ ಆರು ಮಿಲಿಮೀಟರಿನ ಕಲ್ಲು. ನಿಜವಾದ ಮಣ್ಣು ಸಣ್ಣ ಕಾರಿಗೆ ಸುಳ್ಳಾಗಿ ಕಾಣುತ್ತದೆ.

ಪರಿಹಾರ ಅಮ್ಮನ ಹತ್ತಿರವೇ ಇತ್ತು. ಹಬ್ಬಕ್ಕೆ ರಂಗೋಲಿಯ ಅಂಚಿಗೆ ಎಳೆಯುವ ಕೆಮ್ಮಣ್ಣು, ಗ್ರಂದಿಗೆ ಅಂಗಡಿಯದು. ಕುಟ್ಟಿ, ಹಳೆ ಪಂಚೆಯಲ್ಲಿ ವಸ್ತ್ರಗಾಳಿತ ಮಾಡಿದೆ. ಹಿಂದೆ ಮಕ್ಕಳ ಔಷಧಿಗೆ ಮಾಡುತ್ತಿದ್ದರಲ್ಲ, ಹಾಗೆ. ಬಟ್ಟೆಯಿಂದ ಇಳಿದದ್ದು ಮುಟ್ಟಿದರೆ ಟಾಲ್ಕಂ ಪೌಡರ್. ಕಣ ಸರಿಹೋಯಿತು, ಆದರೆ ಕೆಂಪು ಕಾರಿನ ಮೇಲೆ ಕೆಂಪು ಪುಡಿ ಕಾಣುವುದೇ ಇಲ್ಲ. ಒಣಗಿದ ಧೂಳು ಒದ್ದೆ ಮಣ್ಣಿಗಿಂತ ತಿಳಿ ಬಣ್ಣದ್ದು ಅನ್ನುವುದು ಆಗ ತಲೆಗೆ ಹೊಳೆಯಿತು. ಸೀಮೆಸುಣ್ಣದ ಪುಡಿ ಬೆರೆಸುತ್ತಾ ಹೋದೆ, ಬಿಸ್ಕತ್ತಿನ ಬಣ್ಣಕ್ಕೆ ಬಂದಾಗ ನಿಲ್ಲಿಸಿದೆ. ಚಕ್ರದ ಗೂಡಿನ ಒಳಗೆ ಮಾತ್ರ ಸುಣ್ಣ ಬೆರೆಸದ ಕಡು ಕೆಮ್ಮಣ್ಣು, ಅಲ್ಲಿ ಮಣ್ಣು ಇನ್ನೂ ಹಸಿ.

ಹೊಳಪಿನ ಮೇಲೆ ಪುಡಿ ನಿಲ್ಲುವುದಿಲ್ಲ. ಆದ್ದರಿಂದ ಕೆಳಭಾಗಕ್ಕೆ ಮ್ಯಾಟ್ ಕ್ಲಿಯರ್, ಅಂದರೆ ಹೊಳಪಿಲ್ಲದ ಪಾರದರ್ಶಕ ಲೇಪ ಹೊಡೆಯಬೇಕಾಯಿತು. ಮೂರು ವಾರದ ಹೊಳಪು ಐದು ನಿಮಿಷದಲ್ಲಿ ಹೋಯಿತು, ಕೈ ನಡುಗಿದ್ದು ಸುಳ್ಳಲ್ಲ. ಮುಂಗಾಜಿನ ಮೇಲೆ ವೈಪರ್ ಓಡಾಡುವ ಕಮಾನಿನ ಆಕಾರಕ್ಕೆ ಟೇಪ್ ಕತ್ತರಿಸಿ ಅಂಟಿಸಿ, ಆಮೇಲೆ ಧೂಳು ಹಾಕಿ, ಟೇಪ್ ಕಿತ್ತೆ. ಆ ಎರಡು ಶುಭ್ರ ಕಮಾನು ಕಂಡ ಕ್ಷಣ ಒಳಗೆ ಯಾರೋ ಕೂತಿದ್ದಾರೆ ಅನ್ನಿಸಿತು. ಕಾರು ಓಡುವಾಗ ಧೂಳು ಸುಳಿದು ಹಿಂದಕ್ಕೇ ಬಂದು ಕೂರುತ್ತದೆ, ಹಾಗಾಗಿ ಹಿಂಬದಿಗೆ ಜಾಸ್ತಿ ಹಾಕಿದೆ. ಆ ಮಬ್ಬು ಗಾಜಿನ ಮೇಲೂ ಹಾಕಿದೆ. ಪುಡಿಯ ಮೇಲೆ ಮತ್ತೆ ಕ್ಲಿಯರ್ ಹೊಡೆದು ಭದ್ರ ಮಾಡಲು ಹೋಗಲಿಲ್ಲ. ಹೊಡೆದರೆ ಅರ್ಧ ಧೂಳು ಮಾಯವಾಗುತ್ತದೆ. ಮುಟ್ಟಬೇಡಿ ಅಂತ ಹೇಳಿದರೆ ಆಯಿತು.

ಆಯುಧಪೂಜೆ ದಿನ ಡಾಕ್ಟರ ಮನೆಯಲ್ಲಿ ಸೇರಿದೆವು. ಹೊರಗೆ ಬೀದಿಯಲ್ಲಿ ಎಲ್ಲರ ಗಾಡಿಯೂ ತೊಳೆದು, ಚೆಂಡು ಹೂವು ಸುತ್ತಿಕೊಂಡು ಫಳಫಳ. ಒಳಗೆ ಮೇಜಿನ ಮೇಲೆ ಎಂಎಕ್ಸ್-5, 911, ಕೌಂಟಾಕ್ ಕೂಡ ಹಾಗೇ. ಸ್ಯಾನ್ ಸ್ಟಾರ್ಮ್ ಪ್ರೈಮರಿನಲ್ಲೇ ಬಂದಿತ್ತು, ಆದರೂ ಅದೇ ಕಾರು ಅಂತ ಗುರುತು ಹತ್ತುತ್ತಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಡಾಕ್ಟರ ಎಂಎಕ್ಸ್-5 ಗೆದ್ದಿತು. ಹಲ್ಲು ಕೊರೆಯುವ ಬರ್ ಹಿಡಿದು ಅದರ ಬಾಗಿಲು ಬಿಡಿಸಿ, ತೆರೆಯುವ ಹಾಗೆ ಕೀಲು ಕೂರಿಸಿದ್ದರು. ನಾವು ಯಾರೂ ತಕರಾರು ಮಾಡಲಿಲ್ಲ. ನನ್ನ ಡಾಟ್ಸನ್ ಹಿಂದಕ್ಕೆ ಬಗ್ಗಿ ನೋಡಿದ ಪೋರ್ಷೆಯವನು, "ಹಿಂದಿನ ಗಾಜಿಗೆ ಇಷ್ಟೊಂದು ಧೂಳು ಯಾಕೆ ಮಗಾ? ಸೂಪರ್ ಗ್ಲೂನಾ?" ಅಂದ. ಪಾಠ ಚೆನ್ನಾಗಿ ಕಲಿತಿದ್ದ.

ಡಾಕ್ಟರ ಹೆಂಡತಿ ಒಂದು ಚಿಟಿಕೆ ಸಾಸಿವೆಗೆ ಹಳದಿ ನೇಲ್ ಪಾಲಿಶ್ ಹಚ್ಚಿ ತಂದರು. 24ರಿಂದ ಗುಣಿಸಿ ನೋಡಿ, ಸರಿಯಾಗಿ ಒಂದು ನಿಂಬೆಹಣ್ಣು. ಒಂದೊಂದು ಕಾರಿನ ನಾಲ್ಕು ಚಕ್ರಕ್ಕೂ ಒಂದೊಂದು ಕಾಳು. ಎಂಎಕ್ಸ್-5 ಉರುಳಿತು, 911 ಉರುಳಿತು. ನನ್ನದನ್ನು ತಳ್ಳಿದೆ. ಅಂಟಿಸಿದ ಚಕ್ರ ತಿರುಗಲಿಲ್ಲ, ಸಾಸಿವೆ ಚಿಮ್ಮಿ ಸೋಫಾ ಕೆಳಗೆ ಹೋಯಿತು, ಮೇಜಿನ ಹೊಸ ಬಟ್ಟೆಯ ಮೇಲೆ ಉದ್ದಕ್ಕೆ ಕೆಮ್ಮಣ್ಣಿನ ಎರಡು ಗೆರೆ.