ತೊಗರಿಯ ಜೀನ್‌ಗಳಲ್ಲಿ ಒಂದು ಡೊಮೇನಿನ ಜಾಡು ಹಿಡಿದು

ಕಲಬುರಗಿಯ ನಮ್ಮ ಹೊಲದಲ್ಲಿ ಹೂ ಬಿಡುವ ಹೊತ್ತಿಗೆ ತೊಗರಿ ಗಿಡಗಳು ನೆಟೆ ರೋಗಕ್ಕೆ ಸಿಕ್ಕಿ ನಿಂತಲ್ಲೇ ಒಣಗುವುದನ್ನು ನೋಡುತ್ತ ಬೆಳೆದ ನಾನು, ಪುಣೆಯ ಪ್ರಯೋಗಾಲಯ ಸೇರಿದ ಮೇಲೆ ಆ ಬೆಳೆಯ ರೋಗನಿರೋಧಕ ಜೀನ್‌ಗಳನ್ನು ಹುಡುಕುವ ಕೆಲಸವನ್ನೇ ಕೇಳಿ ಪಡೆದೆ. 2012ರಲ್ಲಿ ಪ್ರಕಟವಾದ ‘ಆಶಾ’ ಎಂಬ ತೊಗರಿ ತಳಿಯ ಜೀನೋಮಿನಲ್ಲಿ, ಅಂದರೆ ಅದರ ಇಡೀ ಡಿಎನ್‌ಎ ಬರಹದಲ್ಲಿ, 48,680 ಜೀನ್‌ಗಳನ್ನು ಅಂದಾಜಿಸಿದ್ದರು. ನನಗೆ ಬೇಕಾದವನ್ನು ಆ ರಾಶಿಯಿಂದ ಹೆಕ್ಕಬೇಕಿತ್ತು.

ಮೊದಲು ಸಂಶೋಧಕರು ಮಾದರಿಯಾಗಿ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದ ಒಂದು ನಿರೋಧಕ ಪ್ರೋಟೀನನ್ನು ಮುಂದಿಟ್ಟುಕೊಂಡು ಅದನ್ನು ಹೋಲುವವನ್ನು ಹುಡುಕುವ ಬ್ಲಾಸ್ಟ್ ತಂತ್ರಾಂಶವನ್ನು ನಡೆಸಿದೆ. ಹತ್ತಿರದ ಸಂಬಂಧಿಗಳು ಸಿಕ್ಕವು, ದೂರದವು ತಪ್ಪಿಹೋದವು. ಆಗ ಪ್ರೋಟೀನ್ ಕುಟುಂಬಗಳ ದತ್ತಾಂಶ ಸಂಗ್ರಹವಾದ ಪಿಫ್ಯಾಮ್‌ನ ಕಡೆ ತಿರುಗಿದೆ. ಅಲ್ಲಿ ಒಂದು ಕುಟುಂಬದ ಹಲವು ಅನುಕ್ರಮಗಳನ್ನು (ಪ್ರೋಟೀನಿನ ಅಮಿನೋ ಆಮ್ಲಗಳ ಸರಣಿಗಳನ್ನು) ಸಾಲಾಗಿ ಜೋಡಿಸಿ ಮಾದರಿ ಕಟ್ಟಿರುವುದರಿಂದ, ಯಾವ ಸ್ಥಾನ ಬದಲಾಗದೆ ಉಳಿಯುತ್ತದೆ, ಯಾವುದು ಸಡಿಲವಾಗಿದೆ ಎಂಬ ತಿಳಿವಳಿಕೆ ಆ ಮಾದರಿಯಲ್ಲೇ ಅಡಗಿರುತ್ತದೆ. ಸಸ್ಯಗಳ ಬಹುಪಾಲು ನಿರೋಧಕ ಪ್ರೋಟೀನುಗಳಲ್ಲಿರುವ ಎನ್‌ಬಿ-ಎಆರ್‌ಸಿ ಎಂಬ ಡೊಮೇನಿನ (ಪ್ರೋಟೀನಿನಲ್ಲಿ ತನ್ನದೇ ಕೆಲಸವಿರುವ ಒಂದು ಭಾಗದ) ಮಾದರಿಯನ್ನು, ಅಂದರೆ ಪಿಫ್ಯಾಮ್‌ನ ಪಿಎಫ್ 00931 ಅನ್ನು, ಇಳಿಸಿಕೊಂಡು ಹಮ್ಮರ್ ತಂತ್ರಾಂಶದಿಂದ ತೊಗರಿಯ ಎಲ್ಲ ಪ್ರೋಟೀನುಗಳನ್ನೂ ಜಾಲಾಡಿದೆ. ಹೊಂದಿಕೆ ಸಾಕೆಂದು ಒಪ್ಪುವ ಅಂಕದ ಮಿತಿಯನ್ನು ನಾನಾಗಿ ಊಹಿಸದೆ, ಆ ಕುಟುಂಬಕ್ಕೆಂದೇ ಪಿಫ್ಯಾಮ್ ನಿಗದಿ ಮಾಡಿದ ಮಿತಿಯನ್ನೇ ಬಳಸಿದೆ. ಹೊಸಬರಿಗೂ ನಾನು ಇದನ್ನೇ ಹೇಳುತ್ತೇನೆ.

ಸಿಕ್ಕ ಪಟ್ಟಿಯನ್ನು ನಂಬಿ ಲೆಕ್ಕ ಒಪ್ಪಿಸಿದ್ದು ನನ್ನ ತಪ್ಪು. ಒಂದೇ ಜೀನಿನ ಬೇರೆ ಬೇರೆ ಪ್ರತಿಲೇಖಗಳನ್ನು (ಅದರಿಂದ ನಕಲಾಗುವ ಆರ್‌ಎನ್‌ಎ ರೂಪಗಳನ್ನು) ಬೇರೆ ಜೀನ್‌ಗಳೆಂದು ಎಣಿಸಿದ್ದೆ. ಪ್ರತಿ ಜೀನಿಗೆ ಅತಿ ಉದ್ದದ ಒಂದೇ ಪ್ರೋಟೀನನ್ನು ಉಳಿಸಿಕೊಂಡು ಮತ್ತೆ ಮೊದಲಿನಿಂದ ಹುಡುಕಿದೆ.

ಆಮೇಲೆ ಸಿಕ್ಕ ಪ್ರೋಟೀನುಗಳ ಅನುಕ್ರಮಗಳ ಜೋಡಣೆಯನ್ನು ಪರದೆಯ ಮೇಲೆ ತೆರೆದು ಸಾಲು ಸಾಲಾಗಿ ಓದಿದೆವು. ಜೀವಕೋಶದ ಶಕ್ತಿಯ ಅಣುವಾದ ಎಟಿಪಿಯನ್ನು ಹಿಡಿಯುವ, ಪಿ-ಲೂಪ್ ಎಂಬ ಭಾಗದಲ್ಲಿ ಗ್ಲೈಸಿನ್, ಲೈಸಿನ್, ಥ್ರಿಯೋನಿನ್ ಎಂಬ ಅಮಿನೋ ಆಮ್ಲಗಳು ಕಂಬ ನಿಲ್ಲಿಸಿದಂತೆ ಒಂದರ ಕೆಳಗೊಂದು ಬರುತ್ತವೆ. ಪಕ್ಕದಲ್ಲಿ ಕುಳಿತಿದ್ದ ಧಾರವಾಡದ ಹುಡುಗಿ, “ಅಕ್ಕಾ, ಈ ಸಾಲಿನ್ಯಾಗ ಲೈಸಿನ್ನೇ ಇಲ್ಲ ನೋಡ್ರಿ” ಎಂದಳು. ಜೀನೋಮಿನ ಆ ಜಾಗಕ್ಕೆ ಹೋಗಿ ನೋಡಿದರೆ, ಅಲ್ಲಿ ಅನುಕ್ರಮ ತಿಳಿಯದ ಖಾಲಿ ಭಾಗವಿತ್ತು. ಜೀನನ್ನು ಅಂದಾಜಿಸುವಾಗ ಅದರ ಒಂದು ತುಂಡೇ ಬಿಟ್ಟುಹೋಗಿತ್ತು. ಅಂಥವನ್ನು ಅಳಿಸದೆ ‘ಅಪೂರ್ಣ’ ಎಂದು ಗುರುತು ಹಾಕಿ ಬೇರೆಯೇ ಇಟ್ಟೆವು.

ಡೊಮೇನಿನ ಅಕ್ಕಪಕ್ಕವನ್ನೂ ನೋಡಲೇಬೇಕು. ಮೊದಲ ತುದಿಯಲ್ಲಿ ಟಿಐಆರ್ ಎಂಬ ಇನ್ನೊಂದು ಡೊಮೇನ್ ಇದೆಯೇ ಎಂಬುದರ ಮೇಲೆ ಗುಂಪು ಬೇರೆಯಾಗುತ್ತದೆ. ತೊಗರಿಯಲ್ಲಿ ಟಿಐಆರ್ ಇರುವ ಗುಂಪು ಉಂಟು, ಜೋಳ-ಭತ್ತಗಳಲ್ಲಿ ಇಲ್ಲ. ಕೊನೆಯ ತುದಿಯಲ್ಲಿ ಬರುವ, ಲ್ಯೂಸಿನ್ ಹೆಚ್ಚಾಗಿರುವ ಪುನರಾವರ್ತನೆಗಳು ಚಿಕ್ಕವು, ಒಂದರಂತೆ ಒಂದಿಲ್ಲದವು. ಪಿಫ್ಯಾಮ್‌ನ ಮಿತಿಯನ್ನು ಅವು ಎಷ್ಟೋ ಸಲ ದಾಟುವುದಿಲ್ಲ. ಹಾಗಾಗಿ ಹುಡುಕಾಟದಲ್ಲಿ ಕಾಣಲಿಲ್ಲವೆಂದು ‘ಇಲ್ಲ’ ಎಂದು ಬರೆಯದೆ, ಇಂಥ ಹಲವು ಸಂಗ್ರಹಗಳನ್ನು ಒಟ್ಟಿಗೆ ತೋರಿಸುವ ಇಂಟರ್‌ಪ್ರೊದಲ್ಲಿ ಬೇರೆ ದತ್ತಾಂಶ ಸಂಗ್ರಹಗಳ ಗುರುತುಗಳನ್ನೂ ತಾಳೆ ನೋಡಿದೆವು.

ಕೊನೆಗೆ ಉಳಿದ ಪಟ್ಟಿಯಲ್ಲಿ ಪ್ರತಿ ಜೀನಿನ ಮುಂದೆ ಅದನ್ನು ಏಕೆ ಉಳಿಸಿಕೊಂಡೆವೆಂದು ಒಂದು ಸಾಲು ಬರೆದು, ನೆಟೆ ರೋಗ ತಗುಲಿಸಿದ ಸಸಿಗಳ ಬೇರಿನಲ್ಲಿ ಅವು ಎಷ್ಟು ಚುರುಕಾಗುತ್ತವೆಂದು ಅಳೆಯುವ ಗೆಳೆಯರ ಕೈಗೆ ಕೊಟ್ಟೆವು.