ವಿದ್ಯುತ್ ತಂತಿ ತಲುಪದ ಕಡೆ ಐಷಾರಾಮಿ ಕಾಟೇಜ್: ಲೆಕ್ಕ ಎಲ್ಲಿಂದ ಶುರುವಾಗಬೇಕು

ವಿದ್ಯುತ್ ಕಂಬ, ನಲ್ಲಿ ನೀರು, ಒಳಚರಂಡಿ ಯಾವುದೂ ಬಾರದ ಜಾಗದಲ್ಲಿ ಕಟ್ಟುವವರು ಹೆಚ್ಚಾಗಿ ಮೊದಲು ಕಟ್ಟಡದ ನಕ್ಷೆ ಮಾಡಿಸಿ, ಸೋಲಾರ್ ಮತ್ತು ನೀರಿನ ವಿಚಾರವನ್ನು ಕೊನೆಗೆ ಬಿಡುತ್ತಾರೆ. ಇದು ತಲೆಕೆಳಗಾದ ಕ್ರಮ. ಅತಿ ಮೋಡದ ತಿಂಗಳಲ್ಲಿ ಎಷ್ಟು ಬಿಸಿಲು, ಅತಿ ಒಣ ತಿಂಗಳಲ್ಲಿ ಎಷ್ಟು ನೀರು ಎಂಬುದು ತಿಳಿದ ಮೇಲೆಯೇ ಎಷ್ಟು ಕೋಣೆ ಎಂದು ತೀರ್ಮಾನಿಸಿ. ವರ್ಷದ ಸರಾಸರಿ ನಂಬಿದರೆ ಕೆಟ್ಟ ತಿಂಗಳುಗಳಲ್ಲಿ ಅತಿಥಿಗಳು ಕತ್ತಲಲ್ಲಿ ಕೂರಬೇಕಾಗುತ್ತದೆ.

ಇಬ್ಬರು ಉಳಿಯುವ ಒಂದು ಕಾಟೇಜ್ ತೆಗೆದುಕೊಳ್ಳಿ. 7 ವ್ಯಾಟ್‌ನ 8 ಎಲ್‌ಇಡಿ ದೀಪ ದಿನಕ್ಕೆ 5 ಗಂಟೆ ಉರಿದರೆ 280 ವ್ಯಾಟ್-ಅವರ್. 35 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಬಗೆಯದು) 10 ಗಂಟೆಗೆ 350, ಚಿಕ್ಕ ಫ್ರಿಜ್ 600, ಪಂಪ್ 300, ಫೋನ್-ಲ್ಯಾಪ್‌ಟಾಪ್ 300, ವೈಫೈ 240. ಬಹಳ ಮಂದಿ ಮರೆಯುವುದು ಇನ್ವರ್ಟರ್ ತಾನೇ ತಿನ್ನುವ ಕರೆಂಟನ್ನು: 25 ವ್ಯಾಟ್ ಎಂದರೂ 24 ಗಂಟೆಗೆ 600. ಒಟ್ಟು ಸುಮಾರು 2.7 ಯೂನಿಟ್ (1 ಯೂನಿಟ್ ಎಂದರೆ 1,000 ವ್ಯಾಟ್-ಅವರ್), 3 ಎಂದು ಹಿಡಿಯಿರಿ.

ಕೆಟ್ಟ ತಿಂಗಳಲ್ಲಿ ದಿನಕ್ಕೆ 3 ಗಂಟೆಯಷ್ಟು ಪೂರ್ಣ ಬಿಸಿಲು ಸಿಗುತ್ತದೆ, ಧೂಳು, ಶಾಖ, ತಂತಿಗಳಲ್ಲಿ 30% ನಷ್ಟವಾಗುತ್ತದೆ ಎಂದುಕೊಂಡರೆ 3 ÷ (3 × 0.7), ಅಂದರೆ ಸುಮಾರು 1.4 ಕಿಲೋವ್ಯಾಟ್ ಪ್ಯಾನೆಲ್ ಬೇಕು. ನಮ್ಮ ಸಲಹೆ 2 ಕಿಲೋವ್ಯಾಟ್: ಮೋಡ ಸರಿದ ದಿನ ಬ್ಯಾಟರಿ ಬೇಗ ತುಂಬಬೇಕಲ್ಲ. ಬಿಸಿಲಿಲ್ಲದ ಎರಡು ದಿನ ದೂಡಲು, 80% ಮಾತ್ರ ಬಳಸುವಂತೆ, 7.5 ಯೂನಿಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹದ ಪದರ ಕೂತು ಶಾಶ್ವತವಾಗಿ ಹಾಳಾಗುತ್ತದೆ. ಚಳಿ ಪ್ರದೇಶವಾದರೆ ಬ್ಯಾಟರಿ ಕೋಣೆಗೆ ಉಷ್ಣನಿರೋಧಕ ಹಾಕಲೇಬೇಕು.

ಈ ಲೆಕ್ಕವನ್ನು ಕೆಡಿಸುವುದು ಶಾಖ. 100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 3.5 ಯೂನಿಟ್ ಬೇಕು, ಅಂದರೆ ಮಿಕ್ಕೆಲ್ಲ ಬಳಕೆಗಿಂತ ಹೆಚ್ಚು. ಹಾಗಾಗಿ ಕರೆಂಟ್ ಗೀಸರ್ ಬೇಡ. ಪ್ರತಿ ಕಾಟೇಜ್‌ಗೂ 200 ಲೀಟರ್ ಸೋಲಾರ್ ವಾಟರ್ ಹೀಟರ್, ಮೋಡದ ದಿನಕ್ಕೆ ಗ್ಯಾಸ್ ಗೀಸರ್ ಇರಲಿ. ಗ್ಯಾಸ್ ಗೀಸರ್ ಹೊರಗೋಡೆಯಲ್ಲೇ ಇರಲಿ, ಮುಚ್ಚಿದ ಸ್ನಾನಗೃಹದಲ್ಲಿ ಅದರ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಸೋಲಾರ್ ಹೀಟರಿನ ಟ್ಯಾಂಕ್ ನೀರು 60 ಡಿಗ್ರಿಯಲ್ಲಿದ್ದರೆ ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮೈ ಸುಡದಂತೆ ಶವರ್‌ಗೆ ಮುಂಚೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿ. ಹೀಟರ್ ಸ್ನಾನಗೃಹಕ್ಕೆ ಹತ್ತಿರವಿರಲಿ. ಒಳವ್ಯಾಸ 15 ಮಿ.ಮೀ. ಇರುವ 20 ಮೀಟರ್ ಪೈಪಿನಲ್ಲಿ 3.5 ಲೀಟರ್ ತಣ್ಣೀರು ನಿಂತಿರುತ್ತದೆ. ಪ್ರತಿ ಸ್ನಾನಕ್ಕೂ ಅಷ್ಟು ನೀರು ವ್ಯರ್ಥ, ಅತಿಥಿಗೆ ಕಿರಿಕಿರಿ ಬೇರೆ.

ಎಸಿಯೂ ಹಾಗೆಯೇ, ರಾತ್ರಿಗೆ 5-6 ಯೂನಿಟ್ ಸೇರಿಸಿ ಇಡೀ ವ್ಯವಸ್ಥೆಯನ್ನು ಮೂರು ಪಟ್ಟು ಮಾಡುತ್ತದೆ. ಆ ಹಣವನ್ನು ಚಾವಣಿಯ ಉಷ್ಣನಿರೋಧಕ, ಆಳವಾದ ಸೂರು, ಎದುರುಬದುರು ಕಿಟಕಿಗಳಿಗೆ ಹಾಕುವುದು ಎಷ್ಟೋ ಮೇಲು.

ಇನ್ನು ನೀರು. ಒಬ್ಬರಿಗೆ 150 ಲೀಟರ್, ಜೊತೆಗೆ ಬಟ್ಟೆ ಮತ್ತು ಸ್ವಚ್ಛತೆಗೆ 100 ಸೇರಿ ಕಾಟೇಜ್‌ಗೆ ದಿನಕ್ಕೆ 400 ಲೀಟರ್. 90 ದಿನ ಮಳೆಯಿಲ್ಲದಿದ್ದರೆ 36,000 ಲೀಟರ್ ಸಂಗ್ರಹ ಬೇಕು. 60 ಚದರ ಮೀಟರ್ ಚಾವಣಿಗೆ 1,000 ಮಿ.ಮೀ. ಮಳೆ ಬಿದ್ದರೆ, 20% ನಷ್ಟ ಕಳೆದು, 48,000 ಲೀಟರ್ ಸಿಗುತ್ತದೆ. ಮೊದಲ ಮಳೆಯ ಕೊಳಕು ನೀರು, ಚದರ ಮೀಟರಿಗೆ 1 ಲೀಟರಿನಂತೆ, ಹೊರಗೆ ಹೋಗಲಿ. ಕುಡಿಯುವ ನೀರಿಗೆ 5 ಮೈಕ್ರಾನ್ ಫಿಲ್ಟರ್, ಆಮೇಲೆ ಕಾರ್ಬನ್ (ಇದ್ದಿಲು) ಫಿಲ್ಟರ್, ಕೊನೆಗೆ ರೋಗಾಣು ಕೊಲ್ಲುವ ಯುವಿ (ಅತಿನೇರಳೆ) ದೀಪ. ಈ ಕ್ರಮ ತಪ್ಪಬಾರದು: ಕದಡಿದ ನೀರಿನ ಕಣಗಳ ಮರೆಯಲ್ಲಿ ರೋಗಾಣು ಯುವಿ ಬೆಳಕಿನಿಂದ ತಪ್ಪಿಸಿಕೊಳ್ಳುತ್ತದೆ. ಶವರ್‌ನಲ್ಲಿ ಒತ್ತಡ ಬೇಕಾದರೆ ಟ್ಯಾಂಕನ್ನು ಇಳಿಜಾರಿನ ಮೇಲ್ಭಾಗದಲ್ಲಿಡಿ, 10 ಮೀಟರ್ ಎತ್ತರಕ್ಕೆ 1 ಬಾರ್ ಸಿಗುತ್ತದೆ. ಹಗಲು ಬಿಸಿಲಲ್ಲೇ ಪಂಪ್ ಓಡಿ ಟ್ಯಾಂಕ್ ತುಂಬಿದರೆ ರಾತ್ರಿ ಬ್ಯಾಟರಿಗೆ ಆ ಹೊರೆಯೂ ಇಲ್ಲ.

ಕೊಳೆನೀರಿಗೆ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್, ಅದರ ಮುಂದೆ ಒಬ್ಬರಿಗೆ 4-5 ಚದರ ಮೀಟರಿನಂತೆ ಜಲ್ಲಿ ತುಂಬಿ ಜೊಂಡು ನೆಟ್ಟ ಹಾಸು. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಕೆಳಗಿರಬೇಕು, ಇಲ್ಲವಾದರೆ ವಾಸನೆ, ಸೊಳ್ಳೆ. ಅಡುಗೆಮನೆಯ ಜಿಡ್ಡು ಹಿಡಿಯುವ ತೊಟ್ಟಿ ಇಲ್ಲದಿದ್ದರೆ ಹಾಸು ಬೇಗ ಕಟ್ಟಿಕೊಳ್ಳುತ್ತದೆ. ಶೌಚಾಲಯಕ್ಕೆ ಬ್ಲೀಚ್ ಸುರಿಯದಂತೆ ಸಿಬ್ಬಂದಿಗೆ ಹೇಳಿ. ಕೊಳೆ ಜೀರ್ಣಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಸೆಪ್ಟಿಕ್ ಟ್ಯಾಂಕ್, ಹಾಸು ಎರಡೂ ಬಾವಿ, ತೊರೆಗಳಿಂದ ಕನಿಷ್ಠ 30 ಮೀಟರ್ ದೂರವಿರಲಿ.

ಡೀಸೆಲ್ ಜನರೇಟರ್ ತುರ್ತಿಗೆ ಮಾತ್ರ. ನಾಲ್ಕು ದೀಪಕ್ಕಾಗಿ ಅದನ್ನು ರಾತ್ರಿಯಿಡೀ ಓಡಿಸಿದರೆ ಅರೆಬೆಂದ ಇಂಧನ ಎಂಜಿನ್ ಮತ್ತು ಹೊಗೆಕೊಳವೆಯಲ್ಲಿ ಮಸಿಯಾಗಿ ಕೂರುತ್ತದೆ. 70-80% ಹೊರೆಯಲ್ಲಿ ಹಗಲು ಓಡಿಸಿ ಬ್ಯಾಟರಿ ತುಂಬಿಸಿ, ನಿಲ್ಲಿಸಿಬಿಡಿ. ಇಂಥ ಜಾಗಕ್ಕೆ ಬರುವವರು ನಿಶ್ಶಬ್ದಕ್ಕಾಗಿ ಬರುತ್ತಾರೆ. ಕತ್ತಲಿಗೂ ಬರುತ್ತಾರೆ: ಹೊರದೀಪಗಳು 2,700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಮೀರದ ಹಳದಿ ಬೆಳಕಿನವು, ಕೆಳಮುಖವಾಗಿರಲಿ.

ಅತಿಥಿಗಳನ್ನು ಕರೆಯುವ ಮುನ್ನ ಪ್ಯಾನೆಲ್ ಬಂದ್ ಮಾಡಿ ಎರಡು ದಿನ ಪೂರ್ತಿ ಬಳಕೆಯಲ್ಲಿ ನಡೆಸಿ ನೋಡಿ. ಬ್ಯಾಟರಿ 20%ಗಿಂತ ಕೆಳಗಿಳಿದರೆ ಇನ್ವರ್ಟರ್‌ನ ಸ್ವಂತ ಬಳಕೆ, ಗಾಳಿಯಾಡದಂತೆ ಗೋಡೆಗೆ ಒತ್ತಿಟ್ಟ ಫ್ರಿಜ್, ಸೋರುವ ನಲ್ಲಿಯಿಂದಾಗಿ ಪದೇಪದೇ ಚಾಲೂ ಆಗುವ ಪಂಪ್, ಈ ಮೂರನ್ನು ಮೊದಲು ಪರೀಕ್ಷಿಸಿ. ಹೆಚ್ಚಿನ ಬ್ಯಾಟರಿ ಕೊಳ್ಳುವ ಮಾತು ಆಮೇಲೆ.