ತೋಟದ ಏಜೆಂಟ್‌ಗಳಿಗೆ ಮಳೆಯ ಲೆಕ್ಕ ಕಲಿಸುವುದು ಹೇಗೆ?

ಕೊಡಗಿನಲ್ಲಿ ‘ನಲವತ್ತು ಸೆಂಟ್ ಬಂತು’ ಎಂದರೆ ಮಳೆ, ‘ನಲವತ್ತು ಸೆಂಟ್ ಇದೆ’ ಎಂದರೆ ಜಾಗ. ಮೊಗ್ಗು ಅರಳಿಸುವ ಹೂಮಳೆಗೆ ಕಾಯುವ ಕಾಫಿ ಬೆಳೆಗಾರರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಗೊಂದಲವೆಲ್ಲ ಕಂಪ್ಯೂಟರಿಗೆ. ಆ ಮಳೆ ಬಾರದಾಗ ರೊಬಸ್ಟಾ ಕಾಫಿ ತೋಟಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ನೋಡಿಕೊಳ್ಳಲು ಮಳೆಮಾಪಕಕ್ಕೊಂದು, ಕೆರೆಗೊಂದು, ಪಂಪಿಗೊಂದು ಪುಟ್ಟ ತಂತ್ರಾಂಶ ಬರೆಯುತ್ತೀರಿ ಎಂದುಕೊಳ್ಳಿ. ತಾವೇ ನಿರ್ಧರಿಸುವ, ತಮ್ಮತಮ್ಮಲ್ಲಿ ಸಂದೇಶ ಕಳಿಸಿಕೊಳ್ಳುವ ಇಂಥವನ್ನು ‘ಏಜೆಂಟ್’ ಎನ್ನುತ್ತಾರೆ.

ಮೊದಲು ಪದಗಳ ಅರ್ಥ ಗೊತ್ತುಮಾಡಿ. ಮಳೆಯ ಸೆಂಟ್ ಇಂಚಿನ ನೂರನೇ ಒಂದು ಭಾಗ, ಜಾಗದ ಸೆಂಟ್ ಎಕರೆಯ ನೂರನೇ ಒಂದು ಭಾಗ. ಮೂರೂ ಏಜೆಂಟ್‌ಗಳು ಒಪ್ಪಬೇಕಾದ ಈ ಅರ್ಥವ್ಯವಸ್ಥೆಗೆ ‘ಆಂಟಾಲಜಿ’ ಎಂದು ಹೆಸರು. ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಕೆಲಸ ಇದೇ. ಒಂದು ಸಂಜೆಯಾದರೂ ಇದಕ್ಕೆ ಮೀಸಲಿಡಿ.

ಬಳಿಕ ಸಂಗತಿಗಳನ್ನು ಬರೆಯಿರಿ. ‘ಮಳೆ: ಮೇಲಿನ ತೋಟ, 40 ಸೆಂಟ್, ಬೆಳಿಗ್ಗೆ 8 ಗಂಟೆ, ಹೇಳಿದ್ದು ಮಳೆಮಾಪಕ.’ ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನು ಬಿಡಬೇಡಿ. ಎರಡು ಮಾಪಕಗಳು ಬೇರೆಬೇರೆ ಲೆಕ್ಕ ಕೊಟ್ಟ ದಿನ ಅದೇ ಆಧಾರ.

ಮೂರನೆಯದು ನಿಯಮ: ‘ಮಳೆ ಬಂದಿಲ್ಲ, ಕೆರೆಯಲ್ಲಿ ನೀರಿದೆ, ಹಾಗಾದರೆ ಪಂಪ್ ಹಾಕು.’ 1972ರಲ್ಲಿ ಹುಟ್ಟಿದ ಪ್ರೋಲಾಗ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದು ಒಂದೇ ಸಾಲು. ಆದರೆ ಆ ಸಾಲಿನೊಳಗೆ ಅಪಾಯ ಅಡಗಿದೆ. ಸಾಬೀತು ಮಾಡಲಾಗದ್ದನ್ನು ಪ್ರೋಲಾಗ್ ‘ಇಲ್ಲ’ ಎಂದೇ ತೀರ್ಮಾನಿಸುತ್ತದೆ. ರಾತ್ರಿ ಮಾಪಕದ ಬ್ಯಾಟರಿ ಸತ್ತರೆ, ಹೊರಗೆ ಮಳೆ ಸುರಿಯುತ್ತಿದ್ದರೂ ಪಂಪಿನ ಪಾಲಿಗೆ ಮಳೆ ಬಂದೇ ಇಲ್ಲ! ಸುದ್ದಿ ಬಾರದಿರುವುದು ಬೇರೆ, ಮಳೆ ಬಾರದಿರುವುದು ಬೇರೆ. ಆದ್ದರಿಂದ ಮಾಪಕ ‘ಸೊನ್ನೆ ಸೆಂಟ್’ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಮಳೆಯಿಲ್ಲ ಎಂದು ನಂಬುವಂತೆ ನಿಯಮ ತಿದ್ದಿ.

ಇನ್ನು ಮಾತುಕತೆ. ತಿಳಿಸುವುದು, ಕೋರುವುದು, ನಿರಾಕರಿಸುವುದು ಎಂದು ಸಂದೇಶಗಳನ್ನು ವಿಂಗಡಿಸಿ. ಇಂಥ ಏಜೆಂಟ್‌ಗಳಿಗೆ ಮಾನದಂಡ ರೂಪಿಸಲು 1996ರಲ್ಲಿ ಆರಂಭವಾದ ‘ಫಿಪಾ’ ಸಂಸ್ಥೆಯ ಮಾನದಂಡದಲ್ಲಿ ಈ ಬಗೆಗಳು ಸಿದ್ಧವಾಗಿಯೇ ಸಿಗುತ್ತವೆ.

ನೆಟ್‌ವರ್ಕ್ ಬಂದುಹೋಗುವ ತೋಟಗಳಲ್ಲಿ ಕಷ್ಟ ಶುರುವಾಗುವುದು ಇಲ್ಲಿ. ಮಾಪಕ ಮಳೆಯ ಸುದ್ದಿ ಕಳಿಸಿತು. ಪಂಪಿಗೆ ಮುಟ್ಟಿತೇ? ಪಂಪ್ ‘ಮುಟ್ಟಿತು’ ಎಂದು ಮರುಸಂದೇಶ ಕಳಿಸಿತು. ಅದು ಮಾಪಕಕ್ಕೆ ಮುಟ್ಟಿದ್ದು ಪಂಪಿಗೆ ಹೇಗೆ ಗೊತ್ತು? ಸಂದೇಶ ಕಳೆದುಹೋಗಬಹುದಾದ ದಾರಿಯಲ್ಲಿ ಎಷ್ಟು ಸಲ ಉತ್ತರಿಸಿಕೊಂಡರೂ ‘ಇಬ್ಬರಿಗೂ ಗೊತ್ತು, ಗೊತ್ತಿರುವುದೂ ಇಬ್ಬರಿಗೂ ಗೊತ್ತು’ ಎಂಬ ಸ್ಥಿತಿ ಪೂರ್ತಿಯಾಗಿ ಕೈಗೂಡದು. ಇದು ಗಣಿತದಲ್ಲೇ ಸಾಬೀತಾದ ಮಾತು.

ಹಾಗಾಗಿ ಸುದ್ದಿ ಸಿಗದಾಗ ಏನು ಮಾಡಬೇಕೆಂದು ಮೊದಲೇ ಬರೆದಿಡಿ. ಇದಕ್ಕೆ ತೋಟದವರನ್ನೇ ಕೇಳಬೇಕು. ‘ಸುದ್ದಿಯಿಲ್ಲದಿದ್ದರೆ ಪಂಪ್ ನಿಲ್ಲಿಸು’ ಎಂಬುದು ನಮಗೆ ಕ್ಷೇಮವೆನಿಸುತ್ತದೆ. ಅವರು ಒಪ್ಪುವುದಿಲ್ಲ, ಏಕೆಂದರೆ ಅರೆಬರೆ ನೀರು ಬಿದ್ದರೆ ಮೊಗ್ಗು ಸರಿಯಾಗಿ ಅರಳದು. ಆದ್ದರಿಂದ ನಿಯಮ ಹೀಗಿರಲಿ: ತಾಜಾ ಸುದ್ದಿಯಿಲ್ಲದೆ ಪಂಪ್ ಶುರುಮಾಡಬಾರದು. ಶುರುವಾದ ಮೇಲೆ ಸಂಪರ್ಕ ಕಡಿದರೆ, ಆಗ ನೀರು ಬೀಳುತ್ತಿರುವ ತೋಟದ ಭಾಗಕ್ಕೆ ಅದರ ಪಾಲಿನ ನೀರನ್ನು ಪೂರ್ತಿ ಕೊಟ್ಟು, ಮುಂದಿನ ಭಾಗಕ್ಕೆ ಹೋಗದೆ, ಮನೆಯವರ ಮೊಬೈಲಿಗೆ ಸಂದೇಶ ಕಳಿಸಿ ಕಾಯಬೇಕು.